ಸತ್ತವೆಷ್ಟು ಅಂತ ಕೇಳಿ

ಹೋದ ವಾರ ಜೂನಿಯರ್ ಹುಡುಗಿಯೊಬ್ಬಳು ಮೆಸೇಜ್ ಮಾಡಿದ್ದಳು. "ಅಕ್ಕಾ, ಒಂದು ಮುತ್ತಿನ ಫಾರ್ಮ್‌ನವರು ಇಂಟರ್ನ್‌ಶಿಪ್ ಕೊಡ್ತಾರಂತೆ. ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಬೇಕಂತೆ. ಕಟ್ಟಲಾ?"

ಬೇಡ ಅಂತ ಒಂದೇ ಮಾತಿನಲ್ಲಿ ಉತ್ತರ ಕಳಿಸಿದೆ. ಆಮೇಲೆ ಅನಿಸಿತು, ಎರಡು ವರ್ಷದ ಹಿಂದೆ ಈ ಪ್ರಶ್ನೆ ಕೇಳೋಕೆ ನನಗೆ ಯಾರೂ ಇರಲಿಲ್ಲ. ನಾನು ಕಟ್ಟಿದ್ದೆ.

ಮುತ್ತಿನ ಹುಚ್ಚು ನನಗೆ ಹತ್ತಿದ್ದು ಒಡವೆ ನೋಡಿ ಅಲ್ಲ. ಲ್ಯಾಬ್‌ನಲ್ಲಿ ಒಂದು ಚಿಪ್ಪಿನ ತುಂಡಿನ ಫೋಟೋ ತೋರಿಸಿದ್ದರು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೆಗೆದದ್ದು. ಇಟ್ಟಿಗೆ ಗೋಡೆಯ ಹಾಗೆ ಸಾಲು ಸಾಲು ಬಿಲ್ಲೆಗಳು. ಒಂದೊಂದು ಬಿಲ್ಲೆಯೂ ಸುಮಾರು ಅರ್ಧ ಮೈಕ್ರಾನ್ ದಪ್ಪ. ಅಂದರೆ ಮುತ್ತಿನ ಮೇಲೆ ಅರ್ಧ ಮಿಲಿಮೀಟರ್ ಹೊಳಪು ಬರಬೇಕಾದರೆ ಒಂದರ ಮೇಲೊಂದು ಸಾವಿರ ಪದರ ಕೂರಬೇಕು. ಅದನ್ನು ಕಟ್ಟೋದು ಕಣ್ಣಿಲ್ಲದ, ತಲೆ ಅಂತ ಒಂದು ಇಲ್ಲದ, ಕೆಸರಿನಲ್ಲಿ ಕೂತ ಪ್ರಾಣಿ. ಆವತ್ತೇ ಅಂದುಕೊಂಡೆ, ಇದನ್ನು ಕೈಯಿಂದ ಮಾಡಿ ಕಲಿಯಬೇಕು.

ಎರಡು ತಿಂಗಳಲ್ಲಿ 43 ಮೇಲ್ ಕಳಿಸಿದೆ. 9 ಉತ್ತರ ಬಂದವು. ಅದರಲ್ಲಿ 6 ಜನ ದುಡ್ಡು ಕೇಳಿದರು. ಒಬ್ಬರು "ತರಬೇತಿ ಶುಲ್ಕ" ಅಂದರು, ಇನ್ನೊಬ್ಬರು "ವಸ್ತುಗಳ ಖರ್ಚು" ಅಂದರು, ಮತ್ತೊಬ್ಬರು "ನಿಮ್ಮ ಸೀರಿಯಸ್‌ನೆಸ್ ಗೊತ್ತಾಗಲಿ ಅಂತ" ಅಂದರು. ಕೆಲಸ ಕಲಿಯೋಕೆ ಬರುವವಳ ಸೀರಿಯಸ್‌ನೆಸ್ ಅಳೆಯೋದು ದುಡ್ಡಿನಲ್ಲಾ? ಆಗ ಇದೆಲ್ಲಾ ಹೊಳೆಯಲಿಲ್ಲ. ಉಳಿದವರೆಲ್ಲ ಸುಮ್ಮನಿದ್ದಾಗ ಉತ್ತರ ಕೊಟ್ಟವರೇ ದೇವರು ಅನಿಸುತ್ತಾರೆ.

ಕಟ್ಟಿ ಹೋದ ಜಾಗದಲ್ಲಿ ನಾಲ್ಕು ಸಿಮೆಂಟ್ ತೊಟ್ಟಿ ಇದ್ದವು. ಪ್ರತಿ ಶನಿವಾರ, ಭಾನುವಾರ ಜನ ತರಬೇತಿಗೆ ಬರುತ್ತಿದ್ದರು. ಕೆಲಸ ಬಿಟ್ಟು ಏನಾದರೂ ಸ್ವಂತದ್ದು ಮಾಡಬೇಕು ಅಂತಿರುವವರು, ನಿವೃತ್ತರಾದವರು, ಕೊಳ ಖಾಲಿ ಬಿದ್ದಿರುವವರು. ನನ್ನ ಕೆಲಸ ಅವರಿಗೆ ನೀರಿನ ಬಾಟಲಿ ಕೊಡೋದು, ಫಾರಂ ತುಂಬಿಸೋದು, ಮತ್ತು ಕೊನೆಯಲ್ಲಿ ಚಿಪ್ಪು ತೆರೆಯುವ ಹೊತ್ತಿಗೆ ನೀಲಿ ಬಕೆಟ್ ತಂದಿಡೋದು. ಕೆಂಪು ಬಕೆಟ್ ಅಲ್ಲ, ನೀಲಿ. ಇದನ್ನು ಮೊದಲ ದಿನವೇ ಮೂರು ಸಲ ಹೇಳಿದ್ದರು.

ಬದುಕಿರುವ ಕಪ್ಪೆಚಿಪ್ಪನ್ನು ತೆರೆಯೋದು ಸುಲಭವಲ್ಲ. ಎರಡು ಗಟ್ಟಿ ಸ್ನಾಯುಗಳು ಚಿಪ್ಪನ್ನು ಒಳಗಿಂದ ಎಳೆದು ಹಿಡಿದಿರುತ್ತವೆ. ಚಾಕು ಒಳಗೆ ಹೋದರೂ ಪ್ರಾಣಿ ಬಿಡುವುದಿಲ್ಲ, ಚಾಕುವನ್ನೇ ಕಚ್ಚಿದ ಹಾಗೆ ಹಿಡಿಯುತ್ತದೆ. ನೀಲಿ ಬಕೆಟ್ಟಿನ ಚಿಪ್ಪು ಮಾತ್ರ ಹೆಬ್ಬೆರಳು ಒತ್ತಿದರೆ ಪುಸ್ತಕದ ಹಾಗೆ ತೆರೆದುಕೊಳ್ಳುತ್ತಿತ್ತು. ಒಳಗೆ ಮುತ್ತು ಉರುಳಾಡುತ್ತಿತ್ತು. ಜನ ಚಪ್ಪಾಳೆ ಹೊಡೆಯುತ್ತಿದ್ದರು.

ಎರಡನೇ ವಾರ ನನಗೆ ಹೊಳೆಯಿತು. ಒಳಗೆ ಬೆಳೆದ ದುಂಡು ಮುತ್ತು ಹಾಗೆ ಉರುಳುವುದಿಲ್ಲ. ಅದು ಮಾಂಸದೊಳಗೆ ಒಂದು ಚಿಕ್ಕ ಚೀಲದಲ್ಲಿ ಕೂತಿರುತ್ತದೆ. ಕೀಳಬೇಕು, ಇಲ್ಲವೇ ಸೀಳಿ ಒತ್ತಿ ತೆಗೆಯಬೇಕು. ಆ ಚೀಲವೇ ಮುತ್ತನ್ನು ಕಟ್ಟಿದ್ದು. ಚೀಲ ಇಲ್ಲದೆ ಮುತ್ತು ಸಿಕ್ಕಿತು ಅಂದರೆ ಯಾರೋ ತಂದಿಟ್ಟಿದ್ದಾರೆ ಅಂತಲೇ ಅರ್ಥ. ಬೆಳಿಗ್ಗೆ ಬೇಗ ಎದ್ದು ಶೆಡ್ಡಿಗೆ ಹೋದೆ. ಅಲ್ಲಿ ಕೆಲಸದ ಹುಡುಗ ಸ್ನಾಯು ಕತ್ತರಿಸಿದ ಚಿಪ್ಪುಗಳ ಒಳಗೆ ಒಂದೊಂದೇ ಮುತ್ತು ಹಾಕಿ ರಬ್ಬರ್ ಬ್ಯಾಂಡ್ ಸುತ್ತುತ್ತಿದ್ದ. ನನ್ನನ್ನು ನೋಡಿ ಗಾಬರಿಯಾಗಲೂ ಇಲ್ಲ. "ಮೇಡಂ, ಆ ಬ್ಯಾಂಡು ಸ್ವಲ್ಪ ಇತ್ತ ಕೊಡಿ" ಅಂದ. ಕೊಟ್ಟೆ. ಬೇರೆ ಏನು ಮಾಡಬೇಕು ಅಂತ ತೋಚಲಿಲ್ಲ.

ಅಲ್ಲಿಯ ವ್ಯಾಪಾರ ಮುತ್ತಿನದ್ದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಆಪರೇಷನ್ ಮಾಡಿದ, ಅಂದರೆ ಮುತ್ತು ಬೆಳೆಯಲಿ ಅಂತ ಒಳಗೆ ಮಣಿ ಇಟ್ಟ ಚಿಪ್ಪು ಮಾರೋದೇ ವ್ಯಾಪಾರ. "ನಾವೇ ಚಿಪ್ಪು ಕೊಡ್ತೀವಿ, ನೀವು ಬೆಳೆಸಿ, ಮುತ್ತನ್ನು ನಾವೇ ವಾಪಸ್ ಕೊಳ್ತೀವಿ" ಅಂತ ಕರಾರು ಪತ್ರ. ಅದರ ಕೊನೆ ಪುಟದಲ್ಲಿ ಸಣ್ಣ ಅಕ್ಷರ: ಆಕಾರ, ಹೊಳಪು, ಗಾತ್ರ ಕಂಪನಿಯ ಗ್ರೇಡರ್ ಒಪ್ಪಿದರೆ ಮಾತ್ರ. ಸಿಹಿನೀರಿನ ಚಿಪ್ಪಿನಲ್ಲಿ ಮುತ್ತು ಬರೋಕೆ ಒಂದು, ಒಂದೂವರೆ ವರ್ಷ ಬೇಕು. ಅಷ್ಟರಲ್ಲಿ ಫೋನ್ ನಂಬರ್ ಬದಲಾಗಿರುತ್ತದೆ, ಬೋರ್ಡ್ ಬದಲಾಗಿರುತ್ತದೆ. ಅರ್ಧಕ್ಕರ್ಧ ಚಿಪ್ಪು ಸತ್ತಿದ್ದರೆ "ನಿಮ್ಮ ನೀರು ಸರಿಯಿಲ್ಲ" ಅಂದರೆ ಮುಗಿಯಿತು. ಯಾರು ಪರೀಕ್ಷೆ ಮಾಡುತ್ತಾರೆ?

ಬೇರೆ ಯಾವ ಸಾಕಣೆಯಲ್ಲೂ ಇಷ್ಟು ಹೊತ್ತು ಸುಳ್ಳು ನಿಲ್ಲುವುದಿಲ್ಲ ಅನಿಸುತ್ತದೆ ನನಗೆ. ಮೀನು ಬೆಳೆಯಲಿಲ್ಲ ಅಂದರೆ ಬಲೆ ಹಾಕಿ ನೋಡಬಹುದು. ಕೋಳಿ ಸತ್ತರೆ ಕಣ್ಣೆದುರೇ ಬಿದ್ದಿರುತ್ತದೆ. ಮುತ್ತು ಮಾತ್ರ ಮುಚ್ಚಿದ ಚಿಪ್ಪಿನೊಳಗೆ, ಅದೂ ನೀರಿನ ತಳದಲ್ಲಿ, ವರ್ಷಗಟ್ಟಲೆ.

ಈ ಕಸುಬಿನ ಗುಟ್ಟಿನ ಚಾಳಿಯೂ ಹಳೆಯದೇ. ಗಿಡ, ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಇದ್ದಾನಲ್ಲ, ಅವನೂ ಮುತ್ತು ಬೆಳೆಸಿದ್ದ. ಚಿಪ್ಪಿಗೆ ತೂತು ಕೊರೆದು, ಬೆಳ್ಳಿ ತಂತಿಯ ತುದಿಗೆ ಸುಣ್ಣದ ಚಿಕ್ಕ ಉಂಡೆ ಸಿಕ್ಕಿಸಿ ಒಳಗಿಟ್ಟು, ನದಿಗೆ ವಾಪಸ್ ಬಿಟ್ಟಿದ್ದ. 1761ರಲ್ಲಿ ಸರ್ಕಾರಕ್ಕೆ ತೋರಿಸಿದ, ಮುಂದಿನ ವರ್ಷ ಗುಟ್ಟನ್ನು ಒಬ್ಬ ವ್ಯಾಪಾರಿಗೆ ಮಾರಿದ. ಕೊಂಡವನು ಅದನ್ನು ಬಳಸಲೇ ಇಲ್ಲ. ದುಂಡು ಮುತ್ತಿನ ಕಥೆಯೂ ಹಾಗೇ. 1893ರಲ್ಲಿ ಜಪಾನಿನ ಕೊಕಿಚಿ ಮಿಕಿಮೊಟೊ ಬೆಳೆದದ್ದು ಅರ್ಧಗೋಳದ ಮುತ್ತು. ಪೂರ್ತಿ ದುಂಡು ಮುತ್ತಿನ ವಿಧಾನಕ್ಕೆ ಇಂದಿಗೂ ಮಿಸೆ, ನಿಶಿಕಾವಾ ಅನ್ನುವ ಇಬ್ಬರ ಹೆಸರಿದೆ. ಮಿಸೆ ಬಡಗಿ. ನಿಶಿಕಾವಾ ಮಿಕಿಮೊಟೊನ ಅಳಿಯ. ಅಂಗಡಿ ಬೋರ್ಡಿನ ಮೇಲೆ ಉಳಿದದ್ದು ಮಾವನ ಹೆಸರು.

ಆ ಫಾರ್ಮ್ ಬಿಟ್ಟೆ. ಕಟ್ಟಿದ ದುಡ್ಡು ಬರಲಿಲ್ಲ. ಸರ್ಟಿಫಿಕೇಟ್ ಕೊಟ್ಟರು, ಚಿನ್ನದ ಬಣ್ಣದ ಅಂಚಿನದ್ದು. ಅದರಲ್ಲಿ ನಾನು "ಅಡ್ವಾನ್ಸ್ಡ್ ಪರ್ಲ್ ಸರ್ಜರಿ" ಕಲಿತೆ ಅಂತಿದೆ. ನಾನು ಕಲಿತದ್ದು ಬಕೆಟ್ಟಿನ ಬಣ್ಣ.

ಇಲ್ಲಿಯವರೆಗಿನದು ನಾನು ಮೋಸ ಹೋದ ಕಥೆ. ಮುಂದಿನದು ಹಾಗಲ್ಲ. ಅದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಎರಡನೇ ಫಾರ್ಮ್ ದೊಡ್ಡದು. ಫೀಸ್ ಕೇಳಲಿಲ್ಲ. ಕೊಳ ನಿಜ, ಬಲೆ ಚೀಲಗಳು ನಿಜ, ಸರ್ಜರಿ ಮಾಡುವವರೂ ನಿಜ. ಖುಷಿಯಾಗಿದ್ದೆ. ಆಪರೇಷನ್ ಆದ ಚಿಪ್ಪುಗಳನ್ನು ಹತ್ತು ದಿನ ಔಷಧಿ ಹಾಕಿದ ನೀರಿನ ತೊಟ್ಟಿಯಲ್ಲಿಟ್ಟು ನೋಡಿಕೊಳ್ಳಬೇಕು. ದಿನಾ ಬೆಳಿಗ್ಗೆ ಸತ್ತವನ್ನು ಆರಿಸಿ ತೆಗೆಯಬೇಕು. ಒಂದು ಸತ್ತದ್ದು ಉಳಿದರೆ ಆ ತೊಟ್ಟಿಯ ನೀರೇ ಕೆಡುತ್ತದೆ. ಆ ಕೆಲಸ ನನ್ನದು. ಬಾಯಿ ತೆರೆದಿದ್ದರೆ ಬೆರಳಿನಿಂದ ಮುಟ್ಟಬೇಕು. ಮುಚ್ಚಿಕೊಂಡರೆ ಬದುಕಿದೆ. ಮುಚ್ಚದಿದ್ದರೆ ತೆಗೆದು ರಿಜಿಸ್ಟರಿನಲ್ಲಿ ಒಂದು ಗೆರೆ.

ಆ ಬ್ಯಾಚಿನಲ್ಲಿ 600 ಚಿಪ್ಪು ಇದ್ದವು. ಹತ್ತನೇ ದಿನಕ್ಕೆ ನನ್ನ ಗೆರೆಗಳು 212. ಸರ್ಜರಿ ಅವಸರದಲ್ಲಿ ಆಗಿತ್ತು, ಸೆಕೆ ಬೇರೆ ಜಾಸ್ತಿ ಇತ್ತು. ಹನ್ನೊಂದನೇ ದಿನ ಸಬ್ಸಿಡಿ ಇನ್‌ಸ್ಪೆಕ್ಷನ್. ಹಿಂದಿನ ಸಂಜೆ ಮ್ಯಾನೇಜರ್ ಕರೆದು ಹೊಸ ರಿಜಿಸ್ಟರ್ ಕೊಟ್ಟರು. "ನಿನ್ನ ಅಕ್ಷರ ಮುದ್ದಾಗಿದೆ ಕಣಮ್ಮ, ಇದರಲ್ಲಿ ನೀಟಾಗಿ ಬರಿ. ಒಟ್ಟು 48 ಬರೋ ಹಾಗೆ ಹಂಚಿಬಿಡು."

ಹಂಚಿದೆ. ಮೊದಲ ದಿನ 9, ಎರಡನೇ ದಿನ 11, ಆಮೇಲೆ ನಿಧಾನಕ್ಕೆ ಇಳಿಸುತ್ತಾ ಬಂದೆ. ಏಳನೇ ದಿನ ಒಂದು 2 ಹಾಕಿದೆ, ಒಂಬತ್ತನೇ ದಿನ ಮತ್ತೆ 4. ನಿಜವಾದ ಲೆಕ್ಕ ಯಾವತ್ತೂ ಅಷ್ಟು ನೇರವಾಗಿ ಇಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತಲ್ಲ, ಅದಕ್ಕೆ. ಸುಳ್ಳು ಬರೆಯೋದರಲ್ಲಿ ನಾನು ಇಷ್ಟು ಜಾಣೆ ಅಂತ ಆವತ್ತೇ ಗೊತ್ತಾದದ್ದು. ಬೇರೆ ಬೇರೆ ದಿನ ಬರೆದ ಹಾಗೆ ಕಾಣಲಿ ಅಂತ ಪೆನ್ ಕೂಡ ಬದಲಾಯಿಸಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಾರನೇ ದಿನ ಸಾಹೇಬರು ಬಂದರು. ಕೊಳದ ದಡದಲ್ಲಿ ನಿಂತು ಬಲೆ ಚೀಲ ಎಣಿಸಿದರು, ಚಿಪ್ಪು ಎಣಿಸಲಿಲ್ಲ. ಸತ್ತ ಖಾಲಿ ಚಿಪ್ಪುಗಳನ್ನೇ ನೂಲು ಸುತ್ತಿ ಮುಚ್ಚಿ ಚೀಲಕ್ಕೆ ತುಂಬಿಸಿದ್ದರು. ಒಂದು ಚೀಲ ಎತ್ತಿದಾಗ ಒಳಗಿನವು ಕಟಕಟ ಅಂದವು. ಬದುಕಿದ ಚಿಪ್ಪು ಒಂದಕ್ಕೊಂದು ತಾಗಿದರೆ ಕಲ್ಲಿನ ಹಾಗೆ ಟಪ್ ಅನ್ನುತ್ತದೆ. ಸತ್ತದ್ದು ಪೊಳ್ಳಾಗಿ ಸದ್ದು ಮಾಡುತ್ತದೆ. ಹತ್ತು ದಿನ ಇದನ್ನೇ ಕೇಳಿದವಳು ನಾನು. ಸಾಹೇಬರಿಗೂ ಕೇಳಿಸಿತು. ಅವರು ನನ್ನ ಕಡೆ ಒಮ್ಮೆ ನೋಡಿ "ನೀರು ಚೆನ್ನಾಗಿದೆ" ಅಂದರು. ಹೋಗುವಾಗ ಅವರ ಫೈಲ್ ಬಂದಾಗಿನದಕ್ಕಿಂತ ದಪ್ಪ ಇತ್ತು. ರಿಜಿಸ್ಟರಿನ ಪುಟಕ್ಕೆ ಸಹಿ ಬಿತ್ತು, ನನ್ನ ಮುದ್ದಾದ ಅಕ್ಷರದ ಕೆಳಗೆ.

ಕಾಲೇಜಿನ ಗೈಡ್‌ಗೆ ಫೋನ್ ಮಾಡಿದೆ. "ನಿನಗೆ ಬೇಕಾದ್ದು ರಿಪೋರ್ಟ್ ತಾನೇ? ಅವಧಿ ಮುಗಿಸಿ ಬಾ. ಇದೆಲ್ಲಾ ಎಲ್ಲಾ ಕಡೆ ಇದ್ದದ್ದೇ" ಅಂದರು. ಎಲ್ಲಾ ಕಡೆ ಇದ್ದದ್ದೇ ಅನ್ನುವ ಮಾತು ನನಗೆ ತುಂಬಾ ಸಿಟ್ಟು ತರಿಸುವ ಮಾತು. ಅದನ್ನು ಹೇಳುವವರು ಸಾಮಾನ್ಯವಾಗಿ ಒಂದು ಕಡೆಯನ್ನೂ ನೋಡಿರುವುದಿಲ್ಲ. ಮೂರು ದಿನ ಬಿಟ್ಟು ಹೊರಟೆ. ಹಳೆ ರಿಜಿಸ್ಟರಿನ ಫೋಟೋ ತೆಗೆದುಕೊಂಡಿದ್ದೆ, ಹೊಸದರ ಫೋಟೋನೂ. ಎರಡನ್ನೂ ಸೇರಿಸಿ ದೂರು ಬರೆದೆ. ನನ್ನ ಹೆಸರು ಹಾಕಿಯೇ ಬರೆದೆ, ಯಾಕೆಂದರೆ ಸುಳ್ಳು ಲೆಕ್ಕ ನನ್ನ ಕೈಯದ್ದೇ. ದೂರು ತಲುಪಿದೆ ಅಂತ ಒಂದು ನಂಬರ್ ಬಂತು. ಇವತ್ತಿಗೂ ಆ ನಂಬರ್ ಹಾಕಿದರೆ "ಪರಿಶೀಲನೆಯಲ್ಲಿದೆ" ಅಂತಲೇ ಬರುತ್ತದೆ.

ಇದಾದ ಮೇಲೆ ನಾನು ಮೇಲ್ ಬರೆಯುವ ರೀತಿಯೇ ಬದಲಾಯಿತು. ಮೊದಲು "ನನಗೆ ಮುತ್ತಿನ ಕೃಷಿಯಲ್ಲಿ ಅಪಾರ ಆಸಕ್ತಿ ಇದೆ" ಅಂತ ಶುರು ಮಾಡುತ್ತಿದ್ದೆ. ಅದನ್ನು ತೆಗೆದುಹಾಕಿದೆ. ನನಗೆ ಏನು ಬರುತ್ತದೆ ಅಂತ ಎರಡು ಸಾಲು: ನೀರಿನ ಪಿಎಚ್, ಕ್ಯಾಲ್ಸಿಯಂ ನೋಡೋಕೆ ಬರುತ್ತದೆ, ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಎಣಿಸೋಕೆ ಬರುತ್ತದೆ, ಸತ್ತ ಚಿಪ್ಪು ಆರಿಸೋಕೆ ಬೇಸರ ಇಲ್ಲ. ಆಮೇಲೆ ಒಂದೇ ಪ್ರಶ್ನೆ: ನಿಮ್ಮಲ್ಲಿ ಆಪರೇಷನ್ ಆದ ಹತ್ತು ದಿನದಲ್ಲಿ ಎಷ್ಟು ಸಾಯುತ್ತವೆ, ಆ ಪುಸ್ತಕ ನೋಡಬಹುದಾ?

11 ಮೇಲ್. ಹತ್ತಕ್ಕೆ ಸದ್ದಿಲ್ಲ. ಹನ್ನೊಂದನೆಯದಕ್ಕೆ ಬರೀ ಒಂದು ಫೋಟೋ ಬಂತು. ಒದ್ದೆಯಾಗಿ ಅಂಚು ಸುರುಳಿಯಾದ ಪುಟ. ಒಂದು ಕಡೆ ಗೆರೆಗಳು, ಕೆಳಗೆ "ಈ ಸಲ ನನ್ನ ತಪ್ಪು, ಚಾಕು ಕುದಿಸಿರಲಿಲ್ಲ" ಅಂತ ಬರೆದಿತ್ತು. ಫೋಟೋದ ಕೆಳಗೆ ಒಂದೇ ಸಾಲು: ಯಾವಾಗ ಬರ್ತೀಯಾ?

ಅದು ಮೇಡಂ ಒಬ್ಬರ ಚಿಕ್ಕ ಫಾರ್ಮ್. ಒಂದು ಕೊಳ, ಒಂದು ಶೆಡ್ಡು, ಇಬ್ಬರು ಕೆಲಸದವರು. ಮೊದಲ ತಿಂಗಳು ಚಿಪ್ಪು ಉಜ್ಜಿಸಿದರು. ಬರೀ ಚಿಪ್ಪು ಉಜ್ಜೋದು. ಪಾಚಿ, ಬಸವನಹುಳು, ಕೆಸರು. ಉಗುರಿನ ಕೆಳಗೆ ಹಸಿರು ಕೂತು ಹೋಗಲೇ ಇಲ್ಲ. ಎರಡನೇ ತಿಂಗಳು ಮ್ಯಾಂಟಲ್ ಕತ್ತರಿಸೋಕೆ ಕೂರಿಸಿದರು.

ಮ್ಯಾಂಟಲ್ ಅಂದರೆ ಚಿಪ್ಪಿಗೆ ಒಳಗಿಂದ ಹೊಂದಿಕೊಂಡಿರುವ ತೆಳ್ಳನೆಯ ಪದರ. ಚಿಪ್ಪಿನ ಒಳಗಿನ ಹೊಳಪು ಕಟ್ಟೋದು ಅದೇ. ಒಂದು ಚಿಪ್ಪನ್ನು ಬಲಿಕೊಟ್ಟು ಅದರ ಮ್ಯಾಂಟಲ್ಲಿನ ಅಂಚಿನಿಂದ ಒಂದು ಪಟ್ಟಿ ತೆಗೆಯಬೇಕು. ಲೋಳೆ ಒರೆಸಬೇಕು. ಎರಡು ಮಿಲಿಮೀಟರ್ ಚೌಕಗಳಾಗಿ ಕತ್ತರಿಸಬೇಕು. ಒಣಗೋಕೆ ಬಿಡಬಾರದು. ಈ ಚೌಕವನ್ನು ಮಣಿಯ ಜೊತೆ ಇನ್ನೊಂದು ಚಿಪ್ಪಿನ ಮಾಂಸದೊಳಗೆ ಇಟ್ಟರೆ, ಅದರ ಜೀವಕೋಶಗಳು ಬೆಳೆದು ಮಣಿಯ ಸುತ್ತ ಚೀಲವಾಗುತ್ತವೆ. ಆದರೆ ಚಿಪ್ಪಿನ ಕಡೆಗಿದ್ದ ಮೈಯೇ ಮಣಿಗೆ ತಾಗಬೇಕು. ತಿರುಗಾಮುರುಗಾ ಆದರೆ ಕೆಲಸ ಕೆಟ್ಟ ಹಾಗೆ. ಎರಡು ಮಿಲಿಮೀಟರ್ ಚೌಕದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ನೆನಪಿಟ್ಟುಕೊಳ್ಳೋದು ಒಂದು ದೊಡ್ಡ ತಪಸ್ಸು. ನಾನು ಸೀನಿದರೆ ಹಲಗೆಯೇ ಅಲ್ಲಾಡಿ ಎಲ್ಲಾ ಉಲ್ಟಾ ಆಗುತ್ತಿತ್ತು. ಮೇಡಂ ಏನೂ ಅನ್ನುತ್ತಿರಲಿಲ್ಲ. ಹಲಗೆ ಒರೆಸಿ ಇನ್ನೊಂದು ಪಟ್ಟಿ ಇಡುತ್ತಿದ್ದರು.

ಮಣಿಯ ವಿಷಯದಲ್ಲೂ ಅವರು ಕಟ್ಟುನಿಟ್ಟು. ಒಳ್ಳೆಯ ಮಣಿಯನ್ನು ಚಿಪ್ಪಿನಿಂದಲೇ ಕಡೆದು ಮಾಡುತ್ತಾರೆ. ಅಮೆರಿಕದ ಮಿಸಿಸಿಪ್ಪಿ ನದಿ ಸೀಮೆಯ ದಪ್ಪ ಚಿಪ್ಪಿನ ಮಣಿಗಳೇ ದಶಕಗಟ್ಟಲೆ ಜಗತ್ತಿನ ಮುತ್ತುಗಳ ಹೊಟ್ಟೆಯೊಳಗೆ ಕೂತಿವೆ. ಅಗ್ಗ ಅಂತ ಪ್ಲಾಸ್ಟಿಕ್ ಮಣಿ ಹಾಕಿದರೆ ತೂಕ ಬರುವುದಿಲ್ಲ, ತೂತು ಕೊರೆಯುವಾಗ ಬಿಸಿಗೆ ಮುತ್ತು ಕೈಕೊಡುತ್ತದೆ. ಇದಕ್ಕಿಂತ ದೊಡ್ಡ ಮೋಸ ದಿನ ಉಳಿಸೋದು. ಬೇಗ ತೆಗೆದರೆ ಮಣಿಯ ಮೇಲೆ ಹೊಳಪಿನ ಸಿಪ್ಪೆ ಮಾತ್ರ ಇರುತ್ತದೆ. ಕೊಳ್ಳುವಾಗ ಫಳಫಳ, ಸ್ವಲ್ಪ ವರ್ಷಕ್ಕೆ ಸಿಪ್ಪೆ ಎದ್ದು ಒಳಗಿನ ಮಣಿ ಕಾಣುತ್ತದೆ. ಪೆಸಿಫಿಕ್ ಸಾಗರದ ಟಹೀಟಿಯಲ್ಲಿ ಕಪ್ಪು ಮುತ್ತಿನ ಮೇಲಿನ ಪದರ 0.8 ಮಿಲಿಮೀಟರ್‌ಗಿಂತ ತೆಳು ಇದ್ದರೆ ಹೊರದೇಶಕ್ಕೆ ಕಳಿಸುವಂತಿಲ್ಲ ಅಂತ ಒಂದು ಕಾಲಕ್ಕೆ ನಿಯಮವನ್ನೇ ಮಾಡಿದ್ದರು. ಎಕ್ಸ್‌ರೇ ಹಾಕಿ ನೋಡುತ್ತಿದ್ದರು. ಅಷ್ಟು ಮಾಡಬೇಕಾಯಿತು ಅಂದರೆ ತೆಳುವಾದದ್ದು ಎಷ್ಟು ಹೋಗುತ್ತಿತ್ತೋ ಲೆಕ್ಕ ಹಾಕಿ.

ಮಿಕಿಮೊಟೊ 1932ರಲ್ಲಿ ಕೋಬೆ ಪಟ್ಟಣದಲ್ಲಿ ಕಳಪೆ ಮುತ್ತುಗಳನ್ನು ರಾಶಿ ಹಾಕಿ ಎಲ್ಲರ ಎದುರು ಸುಟ್ಟ ಕಥೆಯನ್ನು ನಾನು ಒಂದು ದಿನ ಭಾರೀ ಅಭಿಮಾನದಿಂದ ಹೇಳಿದೆ. ಮೇಡಂ ಕತ್ತರಿ ನಿಲ್ಲಿಸದೆ, "ಫೋಟೋದವರನ್ನ ಕರೆದಿದ್ದನಾ?" ಅಂತ ಕೇಳಿದರು. ಆಮೇಲೆ ಅವರೇ, "ಕರೆದಿದ್ರೂ ಪರವಾಗಿಲ್ಲ. ಸುಟ್ಟಿದ್ದು ಸುಟ್ಟಿದ್ದೇ ಅಲ್ವಾ" ಅಂದರು.

ಎರಡನೇ ಫಾರ್ಮ್‌ನಲ್ಲಿ ನಾನು ಮಾಡಿದ್ದನ್ನು ಅವರಿಗೆ ಹೇಳೋಕೆ ಆರು ವಾರ ಬೇಕಾಯಿತು. ಮ್ಯಾಂಟಲ್ ಕತ್ತರಿಸುತ್ತಾ, ತಲೆ ಎತ್ತದೆ ಹೇಳಿದೆ. ಅವರು ಕೇಳಿದ್ದು ಒಂದೇ: "ನಿಜವಾಗಿ ಎಷ್ಟು ಸತ್ತಿತ್ತು?" 212 ಅಂದೆ. "600ಕ್ಕಾ? ಸರ್ಜರಿ ಯಾರು ಮಾಡಿದ್ದು, ಕುರಿ ಉಣ್ಣೆ ಕತ್ತರಿಸೋರಾ?" ಅಂದರು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸಬ್ಸಿಡಿಗೆ ಮೇಡಂ ಕೂಡ ಅರ್ಜಿ ಹಾಕಿದ್ದರಂತೆ. ಫೈಲ್ ಮುಂದೆ ಹೋಗಬೇಕಾದರೆ ಇಷ್ಟು ದುಡ್ಡು ಅಂತ ಆಫೀಸಿನವರು ಹೇಳಿದ್ದರಂತೆ. ಕೊಡಲಿಲ್ಲ, ಫೈಲ್ ಹೋಗಲಿಲ್ಲ. ಕೊಳಕ್ಕೆ ಎರಡನೇ ಪಂಪ್ ಇನ್ನೂ ಬಂದಿಲ್ಲ. ಸೆಕೆಗಾಲದಲ್ಲಿ ಆ ಪಂಪ್ ಇದ್ದಿದ್ದರೆ ಒಂದಷ್ಟು ಚಿಪ್ಪು ಉಳಿಯುತ್ತಿದ್ದವು. ಪ್ರಾಮಾಣಿಕವಾಗಿದ್ದರೆ ಎಲ್ಲಾ ಸರಿಹೋಗುತ್ತದೆ ಅಂತ ಬರೆದರೆ ಅದೂ ಇನ್ನೊಂದು ನೀಲಿ ಬಕೆಟ್ಟೇ.

ಕೊನೆಗೆ ನನ್ನ ಕೈಗೇ 40 ಚಿಪ್ಪು ಕೊಟ್ಟರು. ಬಾಯಿಗೆ ಬೆಣೆ ಸಿಕ್ಕಿಸಿ ಒಂದು ಸೆಂಟಿಮೀಟರ್ ತೆರೆದಿಡಬೇಕು, ಅದಕ್ಕಿಂತ ಜಾಸ್ತಿ ಎಳೆದರೆ ಸ್ನಾಯು ಹರಿಯುತ್ತದೆ. ಮೊದಲ ಚಿಪ್ಪಿಗೆ ಹದಿನೈದು ನಿಮಿಷ ತೆಗೆದುಕೊಂಡೆ, ಅದು ಮರುದಿನವೇ ಸತ್ತಿತು. ಹತ್ತು ದಿನದಲ್ಲಿ 13 ಸತ್ತವು. 4 ಮಣಿಯನ್ನು ಉಗುಳಿಬಿಟ್ಟವು. ಬಲೆ ಚೀಲದ ತಳದಲ್ಲಿ ಬೆಳ್ಳಗೆ ಬಿದ್ದಿದ್ದವು. ಅವನ್ನು ತೊಳೆದು ಜೇಬಿಗೆ ಹಾಕಿಕೊಂಡೆ. ರಿಜಿಸ್ಟರಿನಲ್ಲಿ 13 ಬರೆದೆ, 4 ಬರೆದೆ. ಒಂದೇ ಪೆನ್ನಿನಲ್ಲಿ. ಉಳಿದ 23 ಇನ್ನೂ ನೀರಿನಲ್ಲಿವೆ. ತೆರೆಯೋಕೆ ಇನ್ನೂ ತಿಂಗಳುಗಳಿವೆ. ನಾನು ವಾಪಸ್ ಬಂದಾಗಿದೆ. ಮೇಡಂ ಆಗಾಗ ಪುಟದ ಫೋಟೋ ಕಳಿಸುತ್ತಾರೆ, ಈಗ 21.

ಆ ಜೂನಿಯರ್ ಹುಡುಗಿಗೆ ಬೇಡ ಅಂತ ಕಳಿಸಿದ ಮೇಲೆ ಮತ್ತೊಂದು ಮೆಸೇಜ್ ಹಾಕಿದೆ. "ಫೀಸ್ ವಿಷಯ ಆಮೇಲೆ. ಮೊದಲು ಹೋದ ಬ್ಯಾಚಿನಲ್ಲಿ ಎಷ್ಟು ಚಿಪ್ಪು ಸತ್ತವು ಅಂತ ಕೇಳು. ಪುಸ್ತಕದ ಫೋಟೋ ಕೇಳು."

ಅರ್ಧ ಗಂಟೆ ಬಿಟ್ಟು ಉತ್ತರ ಬಂತು.

"ಕೇಳಿದೆ ಅಕ್ಕಾ. ಬ್ಲಾಕ್ ಮಾಡಿದ್ರು."